ಗಿಡದ ಹೆಸರಿನಲ್ಲಿ ಕಾಫಿ

ಕಾಫಿ ಕುಡಿಯಲು ಮನುಷ್ಯನಿಗೆ ನೆಪಗಳ ಕೊರತೆಯಿಲ್ಲ. ತಲೆನೋವು ಬಂತೆಂದು ಕುಡಿಯುವವರಿದ್ದಾರೆ, ಕುಡಿಯದಿದ್ದರೆ ತಲೆನೋವು ಬಂದೀತೆಂದು ಕುಡಿಯುವವರೂ ಇದ್ದಾರೆ. ನೆಂಟರು ಬಂದ ಸಂತೋಷಕ್ಕೆ ಒಂದು ಲೋಟ, ಅವರು ಹೊರಟ ಸಮಾಧಾನಕ್ಕೆ ಇನ್ನೊಂದು ಲೋಟ. ಆದರೆ ಒಂದು ಮಲ್ಲಿಗೆ ಗಿಡದ ಬುಡಕ್ಕೆ ಚರಟ ಬೇಕೆಂಬ ಒಂದೇ ಕಾರಣಕ್ಕೆ, ಕೂದಲು ನರೆತ ಮೇಲೆ ಕಾಫಿ ಕುಡಿಯಲು ಕಲಿತವನು ಇಡೀ ಡೊಂಬಿವಲಿಯಲ್ಲಿ ನಾನೊಬ್ಬನೇ ಇರಬೇಕು. ಚರಟವೆಂದರೆ, ಕಾಫಿ ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿಯುತ್ತದಲ್ಲ, ಆ ಕರಿ ಮುದ್ದೆ. ಲೋಕದ ಜನ ಕಾಫಿಗಾಗಿ ಪುಡಿ ಕುದಿಸಿ ಚರಟವನ್ನು ಎಸೆಯುತ್ತಾರೆ. ನಾನು ಚರಟಕ್ಕಾಗಿ ಪುಡಿ ಕುದಿಸಿ, ಕಾಫಿಯನ್ನು ಎಸೆಯಲು ಮನಸ್ಸು ಬಾರದೆ ಕುಡಿಯುತ್ತಿದ್ದೆ. ಬುದ್ಧಿವಂತರು ಇದನ್ನು ಮೂರ್ಖತನವೆನ್ನಬಹುದು. ನನ್ನ ಹೆಂಡತಿ ವಿನಯಾ ಬುದ್ಧಿವಂತೆ.

ಉಡುಪಿ ಕಡೆಯವನು ಕಾಫಿ ಕುಡಿಯಲು ಕಲಿಯುವುದೆಂದರೇನು ಎಂದು ನೀವು ಕೇಳಬಹುದು. ಈ ಊರಿನಲ್ಲಿ ಉಡುಪಿಯವನೆಂದು ಹೇಳಿಕೊಂಡರೆ ಮೊದಲು ಕೇಳುವುದು, ನಿಮ್ಮ ಹೋಟೆಲ್ ಎಲ್ಲಿದೆ ಎಂದು. ಹೋಟೆಲ್ ಇಲ್ಲವೆಂದರೆ, ಪಾಪ, ಏನಾಯಿತು ಎಂದು ಕೇಳುತ್ತಾರೆ. ಏನೂ ಆಗಿರಲಿಲ್ಲ. ನಾನು ಮುಂಬಯಿ ಫೋರ್ಟಿನ ಒಂದು ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿ ಗುಮಾಸ್ತನಾಗಿ ಸೇರಿ, ಅಲ್ಲೇ ಹಣ್ಣಾಗಿ, ಕಳೆದ ವರ್ಷ ನಿವೃತ್ತನಾದೆ. ಕಾಫಿ ಕೂತು ಕುಡಿಯುವ ಪೇಯ. ಡೊಂಬಿವಲಿಯಿಂದ ವಿ.ಟಿ.ಯವರೆಗೆ ಒಂದು ಕಾಲಿನ ಮೇಲೆ ನಿಂತು ಆಯುಷ್ಯ ಕಳೆದವನಿಗೆ ಕಟಿಂಗ್ ಚಹಾವೇ ಹೇಳಿ ಮಾಡಿಸಿದ್ದು. ನಾಲ್ಕು ಗುಟುಕು, ಲೋಕಲ್ ರೈಲು ಬರುವುದರೊಳಗೆ ಖಾಲಿ. ಹೀಗೆ ನಾನು ನನಗೇ ಗೊತ್ತಾಗದಂತೆ ಚಹಾದ ಮತಕ್ಕೆ ಸೇರಿದ್ದೆ. ವಿನಯಾ ಪಕ್ಕದ ಕಲ್ಯಾಣದಲ್ಲೇ ಹುಟ್ಟಿ ಬೆಳೆದವಳು, ಶುಂಠಿ ಚಹಾ ಇಲ್ಲದೆ ಅವಳ ಬ್ಯಾಂಕಿನ ಶಟರ್ ಏಳುವುದಿಲ್ಲ. ಮಗಳು ಅದಿತಿ ಐರೋಲಿಯ ಆಫೀಸಿನಲ್ಲಿ ಏನು ಕುಡಿಯುತ್ತಾಳೋ ಗೊತ್ತಿಲ್ಲ, ಮನೆಯಲ್ಲಿ ಬಿಸಿನೀರಿಗೆ ಲಿಂಬೆ ಹಿಂಡಿಕೊಳ್ಳುತ್ತಾಳೆ. ನಮ್ಮ ಮನೆಯಲ್ಲಿ ಕಾಫಿಯೆಂಬುದು ಅಮ್ಮನೊಬ್ಬಳ ಸೊತ್ತಾಗಿತ್ತು.

ಅಪ್ಪ ತೀರಿಕೊಂಡ ಮೇಲೆ ಅಮ್ಮ ನಮ್ಮ ಜೊತೆ ಇರಲು ಬಂದಳು. ಬರುವಾಗ ಕೈಯಲ್ಲಿದ್ದದ್ದು ಎರಡೇ ಚೀಲ. ಒಂದರಲ್ಲಿ ಸೀರೆಗಳು. ಇನ್ನೊಂದರಲ್ಲಿ, ಒದ್ದೆ ಗೋಣಿತುಂಡಿನಲ್ಲಿ ಸುತ್ತಿದ ಒಂದು ಮಲ್ಲಿಗೆ ಸಸಿ. ಕೊಂಕಣ ರೈಲಿನಲ್ಲಿ ರಾತ್ರಿಯಿಡೀ ಅದನ್ನು ತಲೆಯ ಹತ್ತಿರ ಇಟ್ಟುಕೊಂಡು ಮಲಗಿದ್ದಳಂತೆ. ತನಗೆಂದು ಕೊಂಡ ನೀರಿನಲ್ಲಿ ಅರ್ಧ ಅದಕ್ಕೆ ಕುಡಿಸಿದ್ದಳಂತೆ. "ಮುಂಬಯಿಯಲ್ಲಿ ಮಣ್ಣೇ ಇಲ್ಲ, ಇದನ್ನು ಎಲ್ಲಿ ನೆಡುತ್ತಿ?" ಎಂದು ನಾನು ಕೇಳಿದೆ. "ಮಣ್ಣಿಲ್ಲದ ಊರಲ್ಲಿ ನೀನೇ ಬದುಕಿದ್ದಿ, ಅದು ಬದುಕದಾ?" ಎಂದಳು. ಖಾಲಿ ಎಣ್ಣೆಡಬ್ಬದ ಬಾಯಿ ಕತ್ತರಿಸಿ, ತಳಕ್ಕೆ ತೂತು ಹೊಡೆದು ಅದರಲ್ಲಿ ಸಸಿ ನೆಟ್ಟಳು. ಈ ಕಡೆಯ ಫ್ಲ್ಯಾಟುಗಳಲ್ಲಿ ಕಿಟಕಿಯ ಹೊರಗೆ ಪಂಜರದಂತೆ ಚಾಚಿಕೊಂಡ ಕಬ್ಬಿಣದ ಗ್ರಿಲ್ ಇರುತ್ತದೆ. ಜನ ಅದರಲ್ಲಿ ಹಳೆ ಟಬ್ಬು, ಮಾಪ್, ಮಕ್ಕಳ ಮುರಿದ ಸೈಕಲ್ ಇಡುತ್ತಾರೆ. ನಮ್ಮ ಗ್ರಿಲ್ಲಿನಲ್ಲಿ ಅಮ್ಮನ ಮಲ್ಲಿಗೆ ಕೂತಿತು.

ಆ ಗಿಡ ಹೂ ಬಿಟ್ಟದ್ದನ್ನು ನೀವು ನೋಡಬೇಕಿತ್ತು. ಬೇಸಿಗೆ ಬಂತೆಂದರೆ ಸಂಜೆ ಹೊತ್ತಿಗೆ ಅಮ್ಮ ಸ್ಟೀಲಿನ ಬಟ್ಟಲು ಹಿಡಿದು ಮೊಗ್ಗು ಕೊಯ್ಯುವುದು, ಬಾಳೆನಾರಿಲ್ಲದ ಊರಿನಲ್ಲಿ ವಿನಯಾಳ ಹೊಲಿಗೆ ನೂಲಿನಲ್ಲೇ ಕಟ್ಟುವುದು. ಊರಿನಲ್ಲಿ ಮಲ್ಲಿಗೆಯನ್ನು ಚೆಂಡು, ಅಟ್ಟೆ ಎಂದು ಎಣಿಸಿ ಮಾರುತ್ತಾರೆ. ಅಮ್ಮ ಒಂದು ಗೇಣು ಮಾಲೆ ಕಟ್ಟಿ, "ಇವತ್ತು ಅರ್ಧ ಚೆಂಡು ಆಯ್ತು" ಎಂದು ವ್ಯಾಪಾರಸ್ಥರ ಗತ್ತಿನಲ್ಲಿ ಹೇಳುವಳು. ಅದರಲ್ಲಿ ಒಂದು ತುಂಡು ದೇವರಿಗೆ, ಒಂದು ತುಂಡು ವಿನಯಾಳಿಗೆ, ಒಂದು ತುಂಡು ಪಕ್ಕದ ಮನೆಯ ಶಾಲಿನಿ ಕಾಕುವಿಗೆ. ಕಾಕು ಎಂದರೆ ಮರಾಠಿಯಲ್ಲಿ ಚಿಕ್ಕಮ್ಮ, ಇವರು ಅಪ್ಪಟ ಮರಾಠಿಯವರು. ಅವರ ಗ್ರಿಲ್ಲೂ ನಮ್ಮ ಗ್ರಿಲ್ಲೂ ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಅಮ್ಮನಿಗೆ ಮರಾಠಿ ಬಾರದು, ಕಾಕುವಿಗೆ ಕನ್ನಡವೂ ತಿಳಿಯದು ತುಳುವೂ ತಿಳಿಯದು. ಆದರೂ ಆ ಎರಡು ಗ್ರಿಲ್ಲುಗಳ ನಡುವೆ, "ಶಾಲಿನಿಬಾಯಿ, ಆಜ್ ಊನ್ ಜಾಸ್ತಿ ಉಂಟು" ಎಂದು ಬಿಸಿಲನ್ನು ಬೈಯುವಂಥ ಒಂದು ಭಾಷೆ ಹುಟ್ಟಿಕೊಂಡಿತ್ತು. ಅದನ್ನು ಬಲ್ಲವರು ಜಗತ್ತಿನಲ್ಲಿ ಇಬ್ಬರೇ. ಈಗ ಒಬ್ಬರೇ.

ಅಮ್ಮನ ಕಾಫಿಯ ವಿಚಾರಕ್ಕೆ ಬರುತ್ತೇನೆ. ಅದು ಫಿಲ್ಟರ್ ಕಾಫಿಯಲ್ಲ. ನಮ್ಮ ಕಡೆಯ ಹಳೆಯ ಕ್ರಮದ ಬೆಲ್ಲದ ಕಾಫಿ. ಪಾತ್ರೆಯಲ್ಲಿ ನೀರಿಗೆ ಬೆಲ್ಲ ಹಾಕಿ ಕುದಿಸಬೇಕು, ಕುದಿ ಬಂದಾಗ ಪುಡಿ ಹಾಕಬೇಕು. ನೊರೆ ಉಕ್ಕಿ ಮೇಲೆ ಬರುತ್ತಿದ್ದಂತೆ ಇಳಿಸಿ, ನಾಲ್ಕು ಹನಿ ತಣ್ಣೀರು ಚಿಮುಕಿಸಿ, ತಟ್ಟೆ ಮುಚ್ಚಿಡಬೇಕು. ಚರಟ ತಳಕ್ಕೆ ಕೂತ ಮೇಲೆ ಬಟ್ಟೆಯಲ್ಲಿ ಸೋಸಿ ಹಾಲು ಬೆರೆಸುವುದು. ಬಟ್ಟೆಯೆಂದರೆ ಅಪ್ಪನ ಹಳೆ ಪಂಚೆಯ ತುಂಡು. ಕಾಫಿ ಕುಡಿದು ಕುಡಿದು ಅದೇ ಕಾಫಿಯ ಬಣ್ಣಕ್ಕೆ ತಿರುಗಿತ್ತು. ಅಡುಗೆಮನೆಯ ಕಿಟಕಿಯ ಮೊಳೆಗೆ ಅದನ್ನು ಒಣಗಹಾಕುವಳು. ಈ ಕಾಫಿಗೆ ಬೇಕಾದ ಪುಡಿಯನ್ನು ನಾನು ಆಫೀಸಿನಿಂದ ಬರುವ ದಾರಿಯ ಮಾಟುಂಗದ ಅಂಗಡಿಯಿಂದ ತರುತ್ತಿದ್ದೆ. ಮುಂದೆ ಅಮ್ಮನಿಗೆ ಎದೆಯುರಿ, ಎದೆಬಡಿತ ಎಂದೆಲ್ಲ ಶುರುವಾದಾಗ ನಮ್ಮ ಡಾಕ್ಟರು, ಬೆಳಿಗ್ಗೆ ಒಂದು ಲೋಟ ಮಾತ್ರ, ಅದಕ್ಕಿಂತ ಹೆಚ್ಚು ಬೇಡವೆಂದರು. ಡಾಕ್ಟರ ಮಾತನ್ನು ನಾನು ಸರ್ಕಾರಿ ಸುತ್ತೋಲೆಯಂತೆ ಜಾರಿಗೆ ತಂದೆ. ಆದರೂ ಪುಡಿ ಮಾತ್ರ ಮೊದಲಿನಂತೆಯೇ ಖಾಲಿಯಾಗುತ್ತಿತ್ತು. ಒಂದು ದಿನ ಕೇಳಿಯೂಬಿಟ್ಟೆ.

"ಗಿಡಕ್ಕೆ ಬೇಕಲ್ಲ ಮಗ," ಎಂದಳು ಅಮ್ಮ, ಹೂ ಕಟ್ಟುತ್ತಿದ್ದ ಕೈ ನಿಲ್ಲಿಸದೆ. "ಬುಡಕ್ಕೆ ಚರಟ ಬಿದ್ರೆ ಮೊಗ್ಗು ಹೆಚ್ಚು ಬರ್ತದೆ. ಬೆಳಿಗ್ಗೆಯ ಒಂದು ಲೋಟದ ಚರಟ ಅದಕ್ಕೆ ಎಲ್ಲಿಗೆ ಸಾಕು?"

ಕಣ್ಣೆದುರಿಗೇ ಗಿಡದ ತುಂಬ ಮೊಗ್ಗು. ನಾನು ಒಪ್ಪಿದೆ. ಅಂದಿನಿಂದ ಮಾಟುಂಗದಲ್ಲಿ ಇಳಿದಾಗಲೆಲ್ಲ ಪುಡಿಯನ್ನು ಸ್ವಲ್ಪ ಜಾಸ್ತಿಯೇ ಕಟ್ಟಿಸಿಕೊಂಡು ಬರುತ್ತಿದ್ದೆ, ಗಿಡಕ್ಕಿರಲಿ ಎಂದು.

ಅಮ್ಮ ಹೋಗಿ ಎರಡು ವರ್ಷ ದಾಟಿತು. ಅವಳ ಜೊತೆ ಕಾಫಿಯೂ ಮನೆಯಿಂದ ಹೋಯಿತು. ಗಿಡ ಉಳಿಯಿತು, ಆದರೆ ಹೂ ಬಿಡುವುದನ್ನು ನಿಲ್ಲಿಸಿತು. ಮೊದಲ ಬೇಸಿಗೆಯಲ್ಲಿ, ಪಾಪ, ಅದಕ್ಕೂ ದುಃಖವಿರಬೇಕು ಎಂದುಕೊಂಡೆ. ಎರಡನೇ ಬೇಸಿಗೆಯೂ ಹಾಗೇ ಹೋಯಿತು. ಬಳ್ಳಿಯಂತೆ ಉದ್ದುದ್ದ ಬೆಳೆದು ಗ್ರಿಲ್ಲಿನ ಸರಳು ಸುತ್ತಿಕೊಂಡು ಎಲೆ ಮಾತ್ರ ಬಿಟ್ಟಿತು. ನೌಕರಿಯಲ್ಲಿದ್ದಾಗ ಇದನ್ನೆಲ್ಲ ಹೆಚ್ಚು ಯೋಚಿಸಲು ಪುರಸತ್ತಿರಲಿಲ್ಲ. ನಿವೃತ್ತನಾಗಿ ಮನೆಯಲ್ಲಿ ಕೂತ ಮೇಲೆ ದಿನವೂ ಅದರ ಎದುರೇ ಕೂರುವಂತಾಯಿತು. ಅಮ್ಮನ ಸೀರೆಗಳನ್ನು ಯಾರುಯಾರಿಗೋ ಕೊಟ್ಟಾಗಿದೆ, ಕನ್ನಡಕ ಡ್ರಾಯರಿನಲ್ಲಿದೆ. ಅವಳದೆಂದು ಉಸಿರಾಡುತ್ತಿರುವುದು ಈ ಮನೆಯಲ್ಲಿ ಆ ಗಿಡವೊಂದೇ. ಅದೂ ನನ್ನ ಕೈಯಲ್ಲಿ ಬರಡಾಗುತ್ತಿದೆಯಲ್ಲ ಎಂದು ನನಗೆ ನಿಜಕ್ಕೂ ಸಂಕಟವಾಗುತ್ತಿತ್ತು. ಒಮ್ಮೆ ವಿನಯಾ ಅದಕ್ಕೆ ಕತ್ತರಿ ಹಾಕಲು ಹೊರಟಾಗ, "ಅಮ್ಮನ ಗಿಡ, ಮುಟ್ಟಬೇಡ" ಎಂದು ತಡೆದೆ. ಒಂದು ಹಳದಿ ಎಲೆಯನ್ನು ಕೂಡ ನಾನು ಕೀಳುತ್ತಿರಲಿಲ್ಲ.

ಹೀಗಿರುವಾಗ ಮೊಬೈಲಿಗೆ ಒಂದು ವಿಡಿಯೋ ಬಂತು. ನಿವೃತ್ತರ ಮೊಬೈಲಿಗೆ ಏನೇನು ಬರುತ್ತದೆಂದು ನಿವೃತ್ತರಿಗೇ ಗೊತ್ತು. ಅದರಲ್ಲಿ ಒಬ್ಬಾಕೆ ಜೇನಿನಂಥ ದನಿಯಲ್ಲಿ, ಕಾಫಿಯ ಚರಟವನ್ನು ಎಸೆಯಬೇಡಿ, ಗಿಡಗಳಿಗೆ ಅದು ಅಮೃತ ಎನ್ನುತ್ತಿದ್ದಳು. ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಅಮ್ಮ ಇದನ್ನು ಮೊಬೈಲಿಲ್ಲದೆ ಹೇಳಿದ್ದಳು. ಎರಡು ವರ್ಷದಿಂದ ಗಿಡ ಕಾಫಿಯಿಲ್ಲದೆ ಒದ್ದಾಡುತ್ತಿದೆ, ನಾನು ಅದಕ್ಕೆ ಬರೀ ನೀರು ಹೊಯ್ಯುತ್ತಿದ್ದೇನೆ. ಕೂಡಲೇ ಅಡುಗೆಮನೆಗೆ ಹೋಗಿ ಹುಡುಕಿದರೆ ನೆಂಟರಿಗೆಂದು ತಂದಿಟ್ಟ ಇನ್‌ಸ್ಟಂಟ್ ಕಾಫಿಯ ಬಾಟಲಿ ಸಿಕ್ಕಿತು. ಮಾಡಿದೆ, ಕುಡಿದೆ, ಲೋಟದ ತಳ ನೋಡಿದೆ. ಏನೂ ಇರಲಿಲ್ಲ. ಇನ್‌ಸ್ಟಂಟ್ ಕಾಫಿಗೆ ಚರಟವೇ ಇರುವುದಿಲ್ಲವೆಂಬ ಸತ್ಯ, ಇನ್ನೊಂದು ಲೋಟ ಮಾಡಿ ಕರವಸ್ತ್ರದಲ್ಲಿ ಸೋಸಿದ ಮೇಲೂ ನನಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು.

ಆಮೇಲೆ ನೆನಪಾದದ್ದು ಸ್ಟೇಷನ್ ಹತ್ತಿರದ ನಮ್ಮವರ ಹೋಟೆಲ್. ದಿನಕ್ಕೆ ನೂರಾರು ಜನ ಬರುವ ಜಾಗ, ಚರಟ ರಾಶಿ ಬೀಳುತ್ತಿರಬೇಕು. ಗಲ್ಲಾದಲ್ಲಿ ಕೂತ ಮಾಲೀಕರು ನಮ್ಮ ಕಡೆಯವರೇ, ಮುಖ ಪರಿಚಯವಿತ್ತು. ಸಂಕೋಚದಿಂದಲೇ ವಿಷಯ ಹೇಳಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಇಲ್ಲಿ ಕಾಫಿ ಕುಡಿಯುವವರು ಯಾರಿದ್ದಾರೆ ಮಾರಾಯ್ರೇ? ಎಲ್ಲ ಚಾಯ್, ಚಾಯ್. ಕಾಫಿ ಹೋಗುವುದು ನಾಲ್ಕು ಲೋಟ."

"ಆ ನಾಲ್ಕು ಲೋಟದ ಚರಟವಾದರೂ..."

"ಅದು ಈಗ ಸಿಕ್ಕುದಿಲ್ಲ. ಅದಿನ್ನೂ ಡ್ಯೂಟಿಯಲ್ಲಿ ಉಂಟು," ಎಂದರು. "ಬೆಳಿಗ್ಗೆ ಹಾಕಿದ ಪುಡಿ ಸಂಜೆಯವರೆಗೆ ದುಡೀಬೇಕು. ಮತ್ತೆ ನೀವು ತಕೊಂಡು ಹೋದ್ರೂ ಅದರಲ್ಲಿ ಗಿಡಕ್ಕೆ ಎಂತದೂ ಉಳಿದಿರುವುದಿಲ್ಲ."

ವ್ಯಾಪಾರದ ಗುಟ್ಟನ್ನು ಇಷ್ಟು ಪ್ರಾಮಾಣಿಕವಾಗಿ ಹೇಳುವವರು ಕಡಿಮೆ. ಗೌರವಕ್ಕೆಂದು ಒಂದು ಚಹಾ ಕುಡಿದು ಬಂದೆ. ಮರುದಿನ ಮಾಟುಂಗಕ್ಕೆ ಹೋದೆ. ನಿವೃತ್ತನಾದ ಮೇಲೆ ಮೊದಲ ಸಲ ಲೋಕಲ್ ಹತ್ತಿದ್ದು ಅಂದೇ. ಅಂಗಡಿಯಲ್ಲಿ ಯಂತ್ರ ಗುರುಗುಟ್ಟಿ ಬಿಸಿ ಪುಡಿ ಕೆಳಗಿಳಿಯುವ ವಾಸನೆಗೆ, ಕೈಯಲ್ಲಿ ಆಫೀಸಿನ ಬ್ಯಾಗಿದೆಯೇನೋ, ಮನೆಗೆ ಹೋದರೆ ಅಮ್ಮ ಪೊಟ್ಟಣ ಇಸಿದುಕೊಂಡು ಮೂಸಿ ನೋಡುತ್ತಾಳೇನೋ ಎನಿಸಿತು. ಹೊರಗೆ ಬಂದು ಫುಟ್‌ಪಾತಿನಲ್ಲಿ ನಾನೇ ಪೊಟ್ಟಣ ಮೂಸಿ ನೋಡಿದೆ.

"ಗಿಡಕ್ಕೆ ಮಾಟುಂಗದಿಂದ ಕಾಫಿಪುಡಿಯಾ?" ಎಂದಳು ವಿನಯಾ. "ನನಗೆ ಒಂದು ದಿನ ಅಲ್ಲಿಂದ ಒಂದು ಮೊಳ ಹೂ ತಂದದ್ದಿಲ್ಲ."

ಹೂ ಮನೆಯಲ್ಲೇ ಬಿಡುತ್ತದೆ, ಸ್ವಲ್ಪ ತಾಳು ಎಂದೆ. ಮರುದಿನ ಬೆಳಿಗ್ಗೆ ನೋಡಿದರೆ, ಅಡುಗೆಮನೆಯ ಮೊಳೆಯಲ್ಲಿ ಅಮ್ಮನ ಸೋಸುವ ಬಟ್ಟೆ ಇನ್ನೂ ಇತ್ತು. ತೆಗೆದು ತೊಳೆದೆ. ಅಮ್ಮ ಮಾಡುತ್ತಿದ್ದುದನ್ನು ನೆನಪಿಸಿಕೊಂಡು ಬೆಲ್ಲದ ನೀರು ಕುದಿಸಿದೆ, ಪುಡಿ ಹಾಕಿದೆ, ಉಕ್ಕಿಸಿ ಒಲೆಯೆಲ್ಲ ಹಾಳುಮಾಡಿದೆ. ಸುಟ್ಟ ಬೆಲ್ಲ ಮತ್ತು ಕಾಫಿಯ ವಾಸನೆ ಮೆಟ್ಟಿಲುಗಳಲ್ಲಿ ಇಳಿದು ಕೆಳಗೆ ಹೋಯಿತು. ಡೊಂಬಿವಲಿಯವರ ಮೂಗು ಸಾಮಾನ್ಯದ್ದಲ್ಲ. ಗಾಳಿ ಎಂಐಡಿಸಿಯ ರಾಸಾಯನಿಕ ಕಾರ್ಖಾನೆಗಳ ಕಡೆಯಿಂದ ಬೀಸಿದರೆ ಸಾಕು, ಇವತ್ತು ಯಾವ ನಮೂನೆಯ ವಾಸನೆಯೆಂದು ಚರ್ಚೆಗೆ ಕೂರುವ ಜನ. ಕೆಳಮನೆಯವರು ಕಿಟಕಿಗಳನ್ನು ದಡದಡನೆ ಮುಚ್ಚಿದ್ದು ಕೇಳಿಸಿತು. ವಾಚ್‌ಮನ್ ಮೇಲೆ ಬಂದು, ಕಂಪನಿಯದ್ದೋ ಮನೆಯದ್ದೋ ಎಂದು ವಿಚಾರಿಸಿ ಹೋದ. ಅದಿತಿ ತನ್ನ ಕೋಣೆಯಿಂದ ಹೊರಗೆ ಬಂದು ಒಂದು ಕ್ಷಣ ನಿಂತಳು. "ಪಪ್ಪಾ, ಯೇ ತೊ ಅಜ್ಜೀ ಕೀ ದೋಪಹರ್‌ವಾಲೀ ಸ್ಮೆಲ್ ಹೈ," ಎಂದಳು. ಇದು ಅಜ್ಜಿಯ ಮಧ್ಯಾಹ್ನದ ವಾಸನೆಯಂತೆ. ಅಜ್ಜಿ ಕಾಫಿ ಕುಡಿಯುತ್ತಿದ್ದದ್ದು ಬೆಳಿಗ್ಗೆ, ಈ ಕಾಲದ ಮಕ್ಕಳಿಗೆ ಬೆಳಿಗ್ಗೆ ಯಾವುದು ಮಧ್ಯಾಹ್ನ ಯಾವುದು ಗೊತ್ತಿಲ್ಲ ಎಂದುಕೊಂಡೆ. ವಿನಯಾ ನನ್ನ ಲೋಟದಿಂದ ಒಂದು ಗುಟುಕು ಕುಡಿದು, "ಅತ್ತೆ ಮಾಡಿದ್ದರಲ್ಲಿ ಒಂದು ಏಲಕ್ಕಿ ಇರ್ತಿತ್ತು" ಎಂದು ಹೇಳಿ ಬ್ಯಾಂಕಿಗೆ ಹೋದಳು. ಚಹಾ ಕುಡಿಯುವವಳಿಗೆ ಇದೆಲ್ಲ ಹೇಗೆ ಗೊತ್ತು ಎಂದು ನಾನು ಯೋಚಿಸಲಿಲ್ಲ. ಯೋಚಿಸಬೇಕಾದಲ್ಲಿ ಯೋಚಿಸದಿರುವುದು ನನ್ನ ಹುಟ್ಟುಗುಣ.

ಏಲಕ್ಕಿ ಹಾಕಿದ ಮೇಲೆ ಅದು ಅಮ್ಮನ ಕಾಫಿಯೇ ಆಯಿತು. ಮೊದಲು ದಿನಕ್ಕೆ ಒಂದು ಲೋಟ ಮಾಡುತ್ತಿದ್ದೆ. ಒಂದು ಲೋಟದ ಚರಟ ಅಷ್ಟು ದೊಡ್ಡ ಗಿಡಕ್ಕೆ ಎಲ್ಲಿಗೆ ಸಾಕು? ಎರಡು ಮಾಡಿದೆ, ಮೂರಕ್ಕೆ ಬಂದೆ. ಮಧ್ಯಾಹ್ನದ ಊಟ ಕಳೆದು, ಬಿಲ್ಡಿಂಗು ಮಲಗಿರುವ ಹೊತ್ತಿನಲ್ಲಿ ಅಮ್ಮನ ಕುರ್ಚಿಯನ್ನು ಗ್ರಿಲ್ಲಿನ ಹತ್ತಿರ ಎಳೆದುಕೊಂಡು, ಕೆಳಗೆ ಗುಜರಿ ಕೊಳ್ಳುವ ಭಂಗಾರ್‌ವಾಲಾನ ಕೂಗು ಕೇಳುತ್ತ, ಲೋಟದಿಂದ ಗುಟುಕರಿಸುವುದರಲ್ಲಿ ಏನೋ ಇತ್ತು. ಇಷ್ಟು ವರ್ಷ ಈ ಮನೆಗೆ ಒಂದು ಮಧ್ಯಾಹ್ನವಿದೆಯೆಂಬುದೇ ನನಗೆ ಗೊತ್ತಿರಲಿಲ್ಲ. ಅಮ್ಮ ಈ ಹೊತ್ತಿನಲ್ಲಿ ಏನು ಮಾಡುತ್ತಿದ್ದಳೋ. ನಾವೆಲ್ಲ ಬೆಳಿಗ್ಗೆ ಬಾಗಿಲೆಳೆದುಕೊಂಡು ಹೋದರೆ ಬರುವುದು ದೀಪ ಹಚ್ಚಿದ ಮೇಲೆ. ಲೋಕಲ್‌ನಲ್ಲಿ ಬಾಗಿಲ ಸರಳು ಹಿಡಿದು ನೇತಾಡುತ್ತ ನಾನು ಎಷ್ಟೋ ಸಲ ಮರುಗಿದ್ದುಂಟು. ಊರು ಬಿಡಿಸಿ ತಂದು ಗೋಡೆಗಳ ನಡುವೆ ಒಬ್ಬಳನ್ನೇ ಕೂರಿಸಿದೆನಲ್ಲ, ಮನಸ್ಸು ಬಿಚ್ಚಿ ಮಾತಾಡಲು ಜನವಿಲ್ಲ, ಭಾಷೆಯಿಲ್ಲ, ಡಾಕ್ಟರ ಮಾತಿಗೆ ಕಾಫಿಯೂ ಇಲ್ಲ ಎಂದು. ಆ ಮರುಕವೂ ಕಾಫಿಯ ಜೊತೆ ಗಂಟಲಿಗೆ ಇಳಿಯುತ್ತಿತ್ತು.

ಲೋಟ ಹೆಚ್ಚಿದಂತೆ ಚರಟ ಹೆಚ್ಚಿತು. ನಾನು ಲೋಭ ಮಾಡಲಿಲ್ಲ. ಬುಡಕ್ಕೆ ದಿನವೂ ಹಾಕಿ, ಮೇಲೆ ತಟ್ಟಿ, ಮಾವಿನ ಹಪ್ಪಳದಂತೆ ಪದರದ ಮೇಲೆ ಪದರ ಮಾಡಿದೆ. ಸ್ವಲ್ಪ ದಿನದಲ್ಲಿ ಅದು ಒಣಗಿ ಗಟ್ಟಿಯಾಯಿತು. ನೀರು ಹಾಕಿದರೆ ಕೆಳಗಿಳಿಯದೆ ಮೇಲೆ ಕೆರೆ ನಿಲ್ಲತೊಡಗಿತು. ಬಿಳಿ ಬೂಷ್ಟು ಬಂತು. ಮೊಗ್ಗು ಬರುವ ಬದಲು ಇದ್ದ ಎಲೆಗಳೂ ಹಳದಿಯಾಗತೊಡಗಿದವು. ಇನ್ನೂ ಸಾಲುತ್ತಿಲ್ಲವೇನೋ ಎಂದು ನಾನು ನಾಲ್ಕನೇ ಲೋಟಕ್ಕೆ ಮನಸ್ಸು ಮಾಡುತ್ತಿದ್ದೆ. ಅಷ್ಟರಲ್ಲಿ ಇರುವೆಗಳು ಬಂದವು.

ಬೆಲ್ಲದಲ್ಲಿ ಕುದಿದ ಚರಟವಲ್ಲವೇ, ಇರುವೆಗೆ ಅದು ಮದುವೆಯೂಟ. ಮೊದಲು ಸಣ್ಣ ಕಪ್ಪಿರುವೆ ಬಂದವು, ಅವುಗಳ ಹಿಂದೆ ಕಚ್ಚುವ ಕೆಂಪಿರುವೆಯ ಸೈನ್ಯ. ಅರಿಶಿನ ಎರಚಿದೆ, ಸೀಮೆಸುಣ್ಣದ ಗೆರೆ ಎಳೆದೆ. ಅವು ಗೆರೆಯ ಪಕ್ಕದಲ್ಲಿ ಬೇರೆ ದಾರಿ ಮಾಡಿಕೊಂಡವು. ನನ್ನ ತಲೆಯಲ್ಲಿ ಉಳಿದದ್ದು ಒಂದೇ ಪ್ರಶ್ನೆ. ಅಮ್ಮನೂ ಹಾಕುತ್ತಿದ್ದದ್ದು ಇದೇ ಬೆಲ್ಲದ ಚರಟ. ಅಷ್ಟೂ ವರ್ಷ ನಮ್ಮ ಗ್ರಿಲ್ಲಿನಲ್ಲಿ ಒಂದೇ ಒಂದು ಇರುವೆ ಕಂಡದ್ದಿಲ್ಲ. ಅದು ಅಮ್ಮನ ಕೈಗುಣ ಎಂದು ಸಮಾಧಾನ ಮಾಡಿಕೊಂಡೆ. ನಮ್ಮಲ್ಲಿ ಕಾರಣ ತಿಳಿಯದ್ದಕ್ಕೆಲ್ಲ ಕೈಗುಣ ಎನ್ನುತ್ತೇವೆ.

ಎರಡು ದಿನ ಕಳೆದು ಮಧ್ಯಾಹ್ನ ಕರೆಗಂಟೆಯ ಸದ್ದಾಯಿತು. ಶಾಲಿನಿ ಕಾಕು ಸಕ್ಕರೆ ಡಬ್ಬ ಹಿಡಿದು ನಿಂತಿದ್ದರು. ಸಕ್ಕರೆ ಕೇಳಲು ಬಂದರೇನೋ ಎಂದುಕೊಂಡೆ. ಅವರು ಮುಚ್ಚಳ ತೆಗೆದು ತೋರಿಸಿದರು. ಸಕ್ಕರೆಗಿಂತ ಇರುವೆಯೇ ಜಾಸ್ತಿಯಿತ್ತು. "ಸದಾ, ಹ್ಯಾ ಘೇ ತುಝ್ಯಾ ಮುಂಗ್ಯಾ," ಎಂದರು, ನಿನ್ನ ಇರುವೆಗಳು ತಗೋ ಎಂಬಂತೆ. ಸದಾನಂದ ಎಂಬ ನನ್ನ ಪೂರ್ತಿ ಹೆಸರಿನಿಂದ ಅವರು ಎಂದೂ ಕರೆದವರಲ್ಲ. ಮುಂದಿನ ಮಾತೆಲ್ಲ ಮರಾಠಿಯಲ್ಲೇ ನಡೆಯಿತು, ನಿಮಗೆ ಕನ್ನಡದಲ್ಲಿ ಹೇಳುತ್ತೇನೆ. ಕಾಕು ನೆಟ್ಟಗೆ ಗ್ರಿಲ್ಲಿಗೆ ಹೋಗಿ ಗಿಡದ ಬುಡ ನೋಡಿ ಮೂಗು ಹತ್ತಿರ ತಂದರು.

"ಇದೇನೋ ಇದು? ಗಿಡವನ್ನು ಕೊಲ್ಲಬೇಕೆಂದಿದ್ದೀಯಾ?"

"ಚರಟ ಕಾಕು. ಅಮ್ಮ ಹಾಕುತ್ತಿದ್ದಳಲ್ಲ, ಅದೇ."

"ಯಾರು ಹಾಕುತ್ತಿದ್ದರು?"

"ಅಮ್ಮ. ಅದಕ್ಕೇ ಅಷ್ಟು ಹೂ ಬಿಡುತ್ತಿತ್ತು."

ಕಾಕು ನನ್ನ ಮುಖ ನೋಡಿದರು. ಗಿಡ ನೋಡಿದರು. ಅಮ್ಮನ ಕುರ್ಚಿಯ ಮೇಲಿದ್ದ ನನ್ನ ಲೋಟ ನೋಡಿದರು. ಮತ್ತೆ ಸಕ್ಕರೆ ಡಬ್ಬವನ್ನು ಕೆಳಗಿಟ್ಟು, ಸೆರಗನ್ನು ಬಾಯಿಗೆ ಒತ್ತಿ ನಗತೊಡಗಿದರು. ನಗುತ್ತ ನಗುತ್ತ ಅವರ ಕಣ್ಣಲ್ಲಿ ನೀರು ಬಂತು. ಅದು ನಗೆಯದ್ದೋ ಬೇರೆಯದ್ದೋ ನನಗೆ ತಿಳಿಯಲಿಲ್ಲ.

"ಅಮ್ಮಾ ಒಂದು ದಿನವೂ ಅದನ್ನು ಗಿಡಕ್ಕೆ ಹಾಕಿದವರಲ್ಲ," ಎಂದರು, ಅಮ್ಮನನ್ನು ಅವರೂ ಹಾಗೆಯೇ ಕರೆಯುತ್ತಿದ್ದದ್ದು. "ಹಾಕಿದರೆ ಇರುವೆ ಬರುತ್ತದೆಂದು ಅವರಿಗೆ ಗೊತ್ತಿರಲಿಲ್ಲವೇ? ಗಿಡಕ್ಕೆ ಅಕ್ಕಿ ತೊಳೆದ ನೀರು, ಅಷ್ಟೇ. ಕಾಫಿ ಕುಡಿದು ಚರಟವೆಲ್ಲ ಕಚಡಾ ಡಬ್ಬಕ್ಕೆ."

"ಕುಡಿದು? ಯಾರು ಕುಡಿದು?"

"ನಾವಿಬ್ಬರು, ಮತ್ಯಾರು? ನೀವೆಲ್ಲ ಹೋದ ಮೇಲೆ ಮಧ್ಯಾಹ್ನ ಅಮ್ಮಾ ಗ್ರಿಲ್ಲಿಗೆ ಬಳೆಯಿಂದ ಟಣಟಣ ಎಂದು ಬಾರಿಸುತ್ತಿದ್ದರು. ನಾನು ಕೈ ಚಾಚಿದರೆ ಲೋಟ ಬರುತ್ತಿತ್ತು. ನಮ್ಮ ಯಜಮಾನರಿಗೆ ಕಾಫಿ ಕಂಡರಾಗದು, ಮನೆಗೆ ತರಿಸುವಂತಿಲ್ಲ. ನಿನ್ನ ಅಮ್ಮನಿಗೆ ನೀನು ಕುಡಿಯಗೊಡುವುದಿಲ್ಲ. ಮಗ ಪುಡಿಯ ಲೆಕ್ಕ ಕೇಳುತ್ತಾನೆ, ಏನು ಹೇಳುವುದು ಎಂದು ಒಂದು ದಿನ ನಾವಿಬ್ಬರೂ ಕೂತು ಯೋಚಿಸಿದೆವು. ಗಿಡದ ಹೆಸರು ಹೇಳೋಣವೆಂದದ್ದು ಅಮ್ಮಾ. ಗಿಡಕ್ಕೆಂದರೆ ಸದಾ ಏನೂ ಕೇಳುವುದಿಲ್ಲ, ಅವನು ಹಾಗೇ ಇದ್ದಾನೆ ಎಂದರು."

ನಾನು ಕುರ್ಚಿಯಲ್ಲಿ ಕೂತುಬಿಟ್ಟೆ. ಲೆಕ್ಕಪತ್ರ ವಿಭಾಗದಲ್ಲಿ ಆಯುಷ್ಯ ಸವೆಸಿದವನು ನಾನು. ಜಮೆ ಇದ್ದಲ್ಲಿ ಖರ್ಚು ಎಲ್ಲಿ ಎಂದು ಕೇಳುವುದೇ ನನ್ನ ಕಸುಬು. ಚರಟ ಗಿಡಕ್ಕಾದರೆ ಅದರ ಮೇಲಿನ ಕಾಫಿ ಎಲ್ಲಿಗೆ ಹೋಗುತ್ತಿದೆ ಎಂಬ ಒಂದು ಪ್ರಶ್ನೆ ನನಗೆ ಹೊಳೆದಿರಲಿಲ್ಲ. ನಾಚಿಕೆಯಾಗಬೇಕಿತ್ತು, ಸಿಟ್ಟು ಬರಬೇಕಿತ್ತು. ಬಂದದ್ದು ಎರಡೂ ಅಲ್ಲ. ಎದೆಯ ಮೇಲೆ ವರ್ಷಗಳಿಂದ ಕೂತಿದ್ದ ಒಂದು ಭಾರ ಎದ್ದು ಹೋದಂತಾಯಿತು. ನಾನು ಲೋಕಲ್‌ನಲ್ಲಿ ನೇತಾಡುತ್ತ, ಅಮ್ಮ ಒಂಟಿಯಾಗಿದ್ದಾಳೆ ಎಂದು ಮರುಗುತ್ತಿದ್ದ ಅದೇ ದಿನಗಳಲ್ಲಿ, ಅವಳು ಗೆಳತಿಯ ಜೊತೆ ಕೂತು ನನ್ನನ್ನೇ ಆಡಿಕೊಂಡು ನಗುತ್ತ ನನ್ನದೇ ಪುಡಿಯಲ್ಲಿ ಕಾಫಿ ಕುಡಿಯುತ್ತಿದ್ದಳು. ಇದಕ್ಕಿಂತ ಒಳ್ಳೆಯ ಸುದ್ದಿಯನ್ನು ನಾನು ಆ ಎರಡು ವರ್ಷಗಳಲ್ಲಿ ಕೇಳಿರಲಿಲ್ಲ.

"ಮತ್ತೆ ಹೂ ಹೇಗೆ ಬಿಡುತ್ತಿತ್ತು?" ಎಂದು ಕೇಳಿದೆ.

"ಕತ್ತರಿಸುತ್ತಿದ್ದರು," ಎಂದರು ಕಾಕು. "ಮಳೆಗಾಲ ಕಳೆದ ಮೇಲೆ ಕತ್ತರಿ ತಂದು ಬೋಳಿಸಿಬಿಡುತ್ತಿದ್ದರು. ನನಗೇ ಪಾಪ ಎನಿಸುತ್ತಿತ್ತು. ಹಳೆಯದನ್ನು ಹಿಡಿದುಕೊಂಡರೆ ಹೊಸದು ಎಲ್ಲಿಂದ ಚಿಗುರಬೇಕು ಶಾಲಿನಿಬಾಯಿ ಎನ್ನುತ್ತಿದ್ದರು. ನೀನು ಒಂದು ಎಲೆಯನ್ನೂ ಮುಟ್ಟಿದ ಹಾಗೆ ಕಾಣುವುದಿಲ್ಲ."

ಮುಟ್ಟಿರಲಿಲ್ಲ. ಅಮ್ಮನ ಗಿಡವೆಂದು ಪ್ರೀತಿಯಿಂದ ಮುಟ್ಟಿರಲಿಲ್ಲ. ಅಂದು ಕಾಕು ಹಳೆಯ ಚಮಚದಿಂದ ಚರಟದ ಹಪ್ಪಳವನ್ನು ಕೆರೆದು ತೆಗೆದರು, ಮಣ್ಣು ಸಡಿಲಿಸಿದರು. ಕತ್ತರಿಯನ್ನು ಮಾತ್ರ ನನ್ನ ಕೈಗೆ ಕೊಟ್ಟರು. ನಾನು ತುದಿಯ ಎರಡು ಎಲೆ ಕತ್ತರಿಸಿ, ಸಾಕೇ ಎಂದು ಅವರ ಮುಖ ನೋಡಿದೆ. "ಕ್ಷೌರ ಮಾಡುತ್ತಿದ್ದೀಯೋ ಮೀಸೆ ತಿದ್ದುತ್ತಿದ್ದೀಯೋ?" ಎಂದರು. ಕಣ್ಣು ಮುಚ್ಚಿ ಕತ್ತರಿಸಿದೆ. ಗ್ರಿಲ್ಲಿನ ಸರಳುಗಳಿಗೆ ಸುತ್ತಿಕೊಂಡ ಬಳ್ಳಿಯನ್ನೆಲ್ಲ ಬಿಡಿಸಿ ತೆಗೆದಾಗ ಎಣ್ಣೆಡಬ್ಬದಲ್ಲಿ ನಾಲ್ಕು ಕಡ್ಡಿ ಉಳಿಯಿತು. ಆ ರಾತ್ರಿ ನನಗೆ ಸರಿಯಾಗಿ ಊಟ ಸೇರಲಿಲ್ಲ. ಉಳಿದದ್ದೂ ಹೋಯಿತೇನೋ ಎಂಬ ಭಯ. ದಿನಗಟ್ಟಲೆ ಅಕ್ಕಿ ತೊಳೆದ ನೀರು ಹಿಡಿದು ಕಡ್ಡಿಗಳ ಎದುರು ಕೂತೆ. ಮನೆಯಲ್ಲಿ ಅನ್ನ ಬೇಡದ ದಿನವೂ ನೀರಿಗೋಸ್ಕರ ಅಕ್ಕಿ ತೊಳೆದಿಟ್ಟು ವಿನಯಾಳಿಂದ ಬೈಸಿಕೊಂಡದ್ದೂ ಆಯಿತು.

ಚಿಗುರು ಬಂದದ್ದು ಮೊದಲು ಕಂಡದ್ದು ಕಾಕುವಿಗೆ, ಅವರ ಗ್ರಿಲ್ಲಿನಿಂದ. ಆಮೇಲೆ ಬಂದಷ್ಟೂ ಬಂತು. ಬೇಸಿಗೆಯ ಬಿಸಿಲು ಏರುವ ಹೊತ್ತಿಗೆ ಚಿಗುರಿನ ತುದಿಯಲ್ಲೆಲ್ಲ ಅಕ್ಕಿಕಾಳಿನಂಥ ಮೊಗ್ಗು. ಮೊದಲ ದಿನ ಸಿಕ್ಕಿದ್ದು ಒಂದು ಮುಷ್ಟಿ. ಕಟ್ಟಲು ನನಗೆ ಬಾರದು, ವಿನಯಾ ಕಟ್ಟಿದಳು. ಅಮ್ಮನ ಫೋಟೋಕ್ಕೆ ಒಂದು ತುಂಡು, ಕಾಕುವಿಗೆ ಒಂದು ತುಂಡು, ವಿನಯಾಳಿಗೆ ಒಂದು ತುಂಡು. "ಅರ್ಧ ಚೆಂಡು ಆಯ್ತು," ಎಂದೆ ನಾನು.

ಕಥೆ ಇಲ್ಲಿಗೆ ಮುಗಿದಿದ್ದರೆ ನನ್ನ ಮರ್ಯಾದೆ ಸ್ವಲ್ಪವಾದರೂ ಉಳಿಯುತ್ತಿತ್ತು. ಈ ನಡುವೆ ದಿನಕ್ಕೆ ಮೂರು ಲೋಟದ ಪ್ರಭಾವದಿಂದ ನನಗೂ ಎದೆಯುರಿ ಶುರುವಾಗಿತ್ತು. ಅದೇ ಡಾಕ್ಟರು, ಅದೇ ಮಾತು: ಬೆಳಿಗ್ಗೆ ಒಂದು ಲೋಟ ಮಾತ್ರ. ಗಿಡಕ್ಕೆ ಚರಟ ಬೇಡವೆಂದು ಗೊತ್ತಾದ ಮೇಲೆ ಬಿಡುವುದು ಕಷ್ಟವಾಗಬಾರದಿತ್ತು. ಆದರೆ ಮಧ್ಯಾಹ್ನವಾದರೆ ಕೈ ತಾನಾಗಿ ಪಾತ್ರೆಯ ಕಡೆ ಹೋಗುತ್ತದೆ. ಆಚೆಗೆ ಗ್ರಿಲ್ಲಿನಲ್ಲಿ ಟಣಟಣ ಎಂದು ಬಳೆಯ ಸದ್ದಾಗುತ್ತದೆ. ಮೊನ್ನೆ ಬೆಲ್ಲದ ನೀರು ಕುದಿಯುತ್ತಿರುವಾಗ ಬೆನ್ನ ಹಿಂದೆ ವಿನಯಾ ನಿಂತಿದ್ದಳು. ಅಂದು ಎರಡನೇ ಶನಿವಾರ, ಬ್ಯಾಂಕಿಗೆ ರಜೆಯೆಂಬುದು ನನಗೆ ಮರೆತೇಹೋಗಿತ್ತು.

"ಇದು ಯಾರಿಗೆ?" ಎಂದಳು.

"ಗಿಡಕ್ಕೆ," ಎಂದೆ. ಬಾಯಿಂದ ತಾನಾಗಿ ಬಂತು.

ಅವಳು ಬೈಯಲಿಲ್ಲ. ಪಾತ್ರೆಯೊಳಗೆ ಬಗ್ಗಿ ನೋಡಿ, ಡಬ್ಬದಿಂದ ಇನ್ನೊಂದು ಚಮಚ ಪುಡಿ ತೆಗೆದು ಹಾಕಿದಳು. "ಇಷ್ಟು ಎರಡೇ ಲೋಟಕ್ಕೆ ಆಗ್ತದೆ. ಇಂಥ ಶನಿವಾರ ಅತ್ತೆ ಯಾವಾಗ್ಲೂ ಮೂರು ಮಾಡ್ತಿದ್ರು" ಎಂದಳು.

"ಮೂರನೆಯದು ಯಾರಿಗೆ?"

"ನನಗೆ. ಆಗಲೂ ನನಗೆ ಎರಡನೇ ಶನಿವಾರ ರಜೆ ಇರ್ತಿತ್ತಲ್ಲ, ನೀವೇ ಆಫೀಸಿಗೆ ಹೋಗ್ತಿದ್ದದ್ದು," ಎಂದು ಏಲಕ್ಕಿ ಜಜ್ಜತೊಡಗಿದಳು.

ಒಳಕೋಣೆಯಿಂದ ಅದಿತಿಯ ದನಿ ಬಂತು. "ಮಮ್ಮಾ, ಆಧಾ ಕಪ್ ಮೇರಾ ಭೀ. ಎಕ್ಸಾಮ್ ಕೀ ಛುಟ್ಟೀ ಮೇಂ ಅಜ್ಜೀ ಮುಝೆ ಭೀ ದೇತೀ ಥೀ." ಪರೀಕ್ಷೆಯ ರಜೆಯಲ್ಲಿ ಅಜ್ಜಿ ಅವಳಿಗೂ ಕೊಡುತ್ತಿದ್ದಳಂತೆ.

ನಾನು ಲೋಟ ಹಿಡಿದು ಮಲ್ಲಿಗೆಯ ಹತ್ತಿರ ಹೋಗಿ ಕೂತೆ. ನಮ್ಮ ಮನೆಯಲ್ಲಿ ಅಷ್ಟು ವರ್ಷ ದಿನವೂ ಮಧ್ಯಾಹ್ನ ಕಾಫಿ ಕುದಿದಿದೆ. ಅದರಲ್ಲಿ ಒಂದು ಗುಟುಕೂ ಸಿಗದೆ ಉಳಿದವರು ಇಬ್ಬರೇ, ಈ ಗಿಡ ಮತ್ತು ಅದರ ಹೆಸರಿನಲ್ಲಿ ಪುಡಿ ಹೊತ್ತು ತಂದ ನಾನು.